ಮೆತ್ತಗಾದ ಬ್ರೇಕ್ ಪೆಡಲ್: ಘಟ್ಟ ಇಳಿಯುವ ಮುನ್ನ ಮಾಡಬೇಕಾದ ಪರೀಕ್ಷೆ



ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಆದರೂ ನಮ್ಮಲ್ಲಿ ಕೆಲವರ ಶೆಡ್ಡುಗಳಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಜೀಪುಗಳು ಇನ್ನೂ ಉಳಿದಿವೆ. ಬಾಶೆಟ್ಟಿಹಳ್ಳಿಯ ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಸ್ವಲ್ಪ ಮೆತ್ತಗಿದ್ದರೂ ದಿನ ಸಾಗುತ್ತದೆ. ಅದೇ ಗಾಡಿಯಲ್ಲಿ ನಂದಿಬೆಟ್ಟ ಇಳಿಯಬೇಕಾದರೆ, ಅಥವಾ ಮೂಟೆ ಹೇರಿಕೊಂಡು ಚಾರ್ಮಾಡಿ, ಆಗುಂಬೆ ಘಟ್ಟಗಳನ್ನು ಇಳಿಯಬೇಕಾದರೆ ಮಾತು ಬೇರೆ. ಈ ಗಾಡಿಗಳ ಹಳೆಯ ಮಾದರಿಗಳಲ್ಲಿ ನಾಲ್ಕು ಚಕ್ರಗಳಿಗೂ ಬ್ರೇಕ್ ಆಯಿಲ್ ಒಂದೇ ಹಾದಿಯಲ್ಲಿ ಹೋಗುತ್ತದೆ. ಒಂದು ಕಡೆ ಪೈಪು ಒಡೆದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಉಳಿಯುವುದು ಹ್ಯಾಂಡ್‌ಬ್ರೇಕ್ ಮತ್ತು ಗೇರು ಮಾತ್ರ.

ಪೆಡಲ್ ಮೆತ್ತಗಾದ ಕೂಡಲೇ ಬ್ರೇಕ್ ಟೈಟ್ ಮಾಡಿಸುವುದು ವಾಡಿಕೆ. ಅದರಿಂದ ಸರಿಹೋಗುವುದು ಒಂದು ದೋಷ ಮಾತ್ರ. ಯಾವ ದೋಷವೆಂಬುದನ್ನು ಕಾಲೇ ಹೇಳಬಲ್ಲದು.

ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಬೋರ್ಡೋ ಮದ್ದು ಹೊಡೆಯುವ ಪಂಪಿನಲ್ಲಿ ಗಾಳಿ ತುಂಬಿದ ಅಂಡೆಯೊಂದಿರುವುದನ್ನು ತಾವು ಬಲ್ಲಿರಿ. ಅಲ್ಲಿ ಗಾಳಿ ಕುಗ್ಗಿ ಹಿಗ್ಗುವುದರಿಂದಲೇ ಮದ್ದು ಒಂದೇ ಸಮನೆ ಚಿಮ್ಮುತ್ತದೆ. ಬ್ರೇಕಿನ ಪೈಪಿನಲ್ಲಿ ಅದೇ ಗಾಳಿ ಸೇರಿದರೆ ಕಾಲಿನ ಒತ್ತಡವನ್ನು ತಾನೇ ನುಂಗುತ್ತದೆ.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಪೆಡಲನ್ನು ಒಮ್ಮೆ ಒತ್ತಿರಿ. ಬಹಳ ಕೆಳಗೆ ಹೋಗಿ, ಮತ್ತೆ ಬೇಗ ಬೇಗನೆ ಎರಡು ಸಲ ತುಳಿದಾಗ ಮೇಲೇ ಗಟ್ಟಿಯಾಗಿ ನಿಂತರೆ, ಶೂಗಳಿಗೂ ಡ್ರಮ್ಮಿಗೂ ನಡುವೆ ಅಂತರ ಹೆಚ್ಚಿದೆ. ಟೈಟ್ ಮಾಡಿಸಬೇಕಾದ್ದು ಈಗ. ತುಳಿದಷ್ಟೂ ಮೇಲೆ ಬಂದರೂ ದಿಂಬು ಒತ್ತಿದಂತೆ ಪುಟಿಯುತ್ತಿದ್ದರೆ ಗಾಳಿ ಸೇರಿದೆ. ಇನ್ನೊಂದು, ಎಲ್ಲಕ್ಕಿಂತ ಅಪಾಯದ್ದು: ಒಂದು ನಿಮಿಷ ಕಾಲನ್ನು ಒತ್ತಿಹಿಡಿದಾಗ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಾ ಹೋಗುವುದು. ಆಗ ಆಯಿಲ್ ಮಟ್ಟ ನೋಡಿರಿ, ಚಕ್ರಗಳ ಒಳಬದಿ ಒದ್ದೆಯಾಗಿದೆಯೇ ನೋಡಿರಿ. ಎಲ್ಲಿಯೂ ಸೋರದೆ ಪೆಡಲ್ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ಸವೆದಿರುವ ಸಂಭವ ಹೆಚ್ಚು. ಅಂಥ ಗಾಡಿಯನ್ನು ಶೆಡ್ಡಿನಿಂದ ಹೊರಡಿಸತಕ್ಕದ್ದಲ್ಲ. ಮತ್ತೊಬ್ಬರು ಪೆಡಲ್ ಒತ್ತುವಾಗ ಚಕ್ರದ ಬಳಿಯ ರಬ್ಬರ್ ಹೋಸನ್ನು ಕೈಯಲ್ಲಿ ಹಿಡಿದು ನೋಡಿರಿ. ಉಬ್ಬಿದರೆ ಹೊಸದು ಹಾಕಿಸಬೇಕು.

ಬೆಳಿಗ್ಗೆ ಗಟ್ಟಿಯಾಗಿದ್ದ ಪೆಡಲ್ ಅರ್ಧ ಘಟ್ಟ ಇಳಿದ ಮೇಲೆ ಮೆತ್ತಗಾಗಿ, ಗಾಡಿ ತಣಿದ ನಂತರ ಮತ್ತೆ ಸರಿಹೋದರೆ, ದೋಷ ಆಯಿಲಿನದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹೇಳುವುದೇ ಬೇಡ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೀರು ಹೀರಿದ ಮೇಲೆ ಇದು 140ರವರೆಗೆ ಇಳಿಯಬಹುದು. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಕುದಿದ ನೀರಿನ ಹಬೆ ಪೈಪಿನೊಳಗೆ ಗಾಳಿಯಂತೆಯೇ ಕುಗ್ಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲನ್ನು ಪೂರ್ತಿ ಬದಲಾಯಿಸುವುದೂ, ಘಟ್ಟದಲ್ಲಿ ಕೆಳಗಿನ ಗೇರಿನಲ್ಲಿ ಇಳಿಯುವುದೂ ಇದಕ್ಕೆ ಮದ್ದು. ಕಪಾಟಿನಲ್ಲಿ ಮುಚ್ಚಳ ತೆರೆದು ಉಳಿದ ಡಬ್ಬಿಯನ್ನು ಮುಂದಿನ ವರ್ಷಕ್ಕೆಂದು ಇಡಬೇಡಿರಿ. ಆಯಿಲ್ ಸಿಗಲಿಲ್ಲವೆಂದು ಇಂಜಿನ್ ಆಯಿಲ್ ಸುರಿದರಂತೂ ರಬ್ಬರ್ ಕಪ್ಪುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಉಳಿಸಿದ ಹಣದ ಹತ್ತುಪಟ್ಟು ಖರ್ಚು.

ಗಾಳಿ ತೆಗೆಯಲು ಇಬ್ಬರು ಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭ. ಬ್ಲೀಡಿಂಗ್ ನಿಪ್ಪಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, ಅದರ ತುದಿ ಸೀಸೆಯಲ್ಲಿರುವ ಆಯಿಲಿನಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ಒತ್ತಿದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಕಾಲು ಎತ್ತುವ ಮೊದಲೇ ಬಿಗಿಯಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೆಯೇ. ನಡುವೆ ಮೇಲಿನ ಡಬ್ಬಿ ಬರಿದಾದರೆ ಮಾಡಿದ್ದೆಲ್ಲ ವ್ಯರ್ಥ. ಸೀಸೆಗೆ ಬಂದ ಆಯಿಲನ್ನು ಮತ್ತೆ ಸುರಿಯಕೂಡದು.

ಎಷ್ಟು ಸಲ ಬ್ಲೀಡ್ ಮಾಡಿದರೂ ಪುಟಿಯುತ್ತಿದ್ದರೆ, ಇತ್ತೀಚೆಗೆ ಹೊಸ ಲೈನರ್ ಹಾಕಿಸಿದ್ದೀರಾ ಎಂದು ನೆನಪಿಸಿಕೊಳ್ಳಿರಿ. ಲೈನರಿನ ಬಾಗು ಡ್ರಮ್ಮಿಗೆ ಹೊಂದದಿದ್ದರೆ ಶೂ ಬಿಲ್ಲಿನಂತೆ ಬಾಗಿ ಇದೇ ಲಕ್ಷಣ ತೋರುತ್ತದೆ. ಅದನ್ನು ಮೆಕ್ಯಾನಿಕ್ಕಿಗೆ ತಾವೇ ಹೇಳಿ, ಡ್ರಮ್ ಬಿಚ್ಚಿಸಿ ನೋಡಿಸಿರಿ.