ಮುಖ ಮರೆತ ರಾಜಕುಮಾರ

ಪ್ರಶ್ನೆ: ಒಂಬತ್ತು ವರ್ಷದ ಮಗಳ ಜೊತೆ ಕೂತು ಡಿಸ್ನಿಯ ಹಳೆಯ ‘ಸಿಂಡ್ರೆಲಾ’ ನೋಡಿದೆ. ‘ಅಷ್ಟೊತ್ತು ಜೊತೇಲಿ ಕುಣಿದವನಿಗೆ ಅವಳ ಮುಖ ನೆನಪಿಲ್ವಾ? ಊರಲ್ಲಿ ಇನ್ಯಾರಿಗೂ ಆ ಅಳತೆಯ ಕಾಲಿಲ್ವಾ?’ ಅಂದಳು. ‘ಕಥೆ ಕಣೇ, ಸುಮ್ನಿರು’ ಅಂದೆ. ನನಗೂ ಉತ್ತರ ಗೊತ್ತಿರಲಿಲ್ಲ.
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಸುಮ್ಮನಿರಿಸಬೇಡಿ ತಾಯಿ, ಹುಡುಗಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. 1950ರ ಆ ಚಿತ್ರದಲ್ಲಿ ರಾಜಕುಮಾರ ಹುಡುಕಲು ಹೊರಡುವುದೇ ಇಲ್ಲ. ಗಾಜಿನ ಪಾದರಕ್ಷೆ ಹಿಡಿದು ಮನೆಮನೆ ಅಲೆಯುವವನು ಆಸ್ಥಾನದ ಅಧಿಕಾರಿ. ಯಾರ ಕಾಲಿಗೆ ಹಿಡಿಸಿತೋ ಅವಳೇ ಸೊಸೆ ಎಂಬುದು ರಾಜನ ಅಪ್ಪಣೆ. ರಾಜನಿಗೆ ಬೇಕಾದದ್ದು ಮೊಮ್ಮಕ್ಕಳು, ಅದನ್ನವನು ಮುಚ್ಚಿಡುವುದೂ ಇಲ್ಲ.

ಗ್ರಿಮ್ ಸೋದರರ ಜರ್ಮನ್ ಕಥೆಯಲ್ಲಿ ರಾಜಕುಮಾರ ಖುದ್ದಾಗಿ ಬರುತ್ತಾನೆ. ಬಂದು ಏನು ಪ್ರಯೋಜನ? ಮಲತಾಯಿ ಚಾಕು ಕೊಟ್ಟು ಮಗಳ ಕಾಲ್ಬೆರಳು ಕತ್ತರಿಸಿಸುತ್ತಾಳೆ, ಇವನು ಅವಳನ್ನೇ ಕುದುರೆ ಹತ್ತಿಸಿಕೊಂಡು ಹೊರಡುತ್ತಾನೆ. ರಕ್ತ ಸೋರುತ್ತಿದೆ ನೋಡು ಎಂದು ಪಾರಿವಾಳಗಳು ಕೂಗಿ ಹೇಳಬೇಕು. ಅವಳನ್ನು ವಾಪಸ್ ಬಿಟ್ಟು ಇನ್ನೊಬ್ಬಳನ್ನು ಕರೆದೊಯ್ಯುತ್ತಾನೆ. ಅವಳು ಹಿಮ್ಮಡಿ ಕೊಯ್ದುಕೊಂಡಿದ್ದಾಳೆ. ಆಗಲೂ ಪಾರಿವಾಳಗಳೇ ಗತಿ! ಮೂರು ದಿನದ ಉತ್ಸವದಲ್ಲಿ ಬೇರೆ ಯಾರ ಜೊತೆಗೂ ಕುಣಿಯದಿದ್ದವನು ಇವನು.

ಅಂದರೆ ಹಳೆಯ ಕಥೆಯಲ್ಲಿ ಪಾದರಕ್ಷೆ ಪ್ರೇಮದ ಕುರುಹಲ್ಲ, ಸಾಕ್ಷಿ. ಬೂದಿಯಲ್ಲಿ ಮಲಗುವ ಕೆಲಸದವಳು ‘ಅದು ನಾನೇ’ ಅಂದರೆ ನಂಬುವವರು ಯಾರು? ಎಲ್ಲರೆದುರು ಅಲ್ಲಗಳೆಯಲಾಗದ ವಸ್ತುವೊಂದು ಅವಳಿಗೆ ಬೇಕು. ಸಿನಿಮಾದವರು ಆ ಸಾಕ್ಷಿಯನ್ನು ಹಾಗೇ ಉಳಿಸಿಕೊಂಡು ಅದರ ಮೇಲೆ ಪ್ರೇಮಗೀತೆ ಹಾಡಿಸಿದರು. ಪ್ರೇಮಿ ಅಂದಮೇಲೆ ಮುಖ ಮರೆತದ್ದು ಹೇಗೆ ಅಂತ ಮಕ್ಕಳು ಕೇಳದೆ ಬಿಡುತ್ತಾರೆಯೇ?

ಇಂಥ ರಿಪೇರಿ ನಮ್ಮಲ್ಲೂ ನಡೆದಿದೆ. ಮಹಾಭಾರತದ ದುಷ್ಯಂತನಿಗೆ ಯಾವ ಮರೆವೂ ಇಲ್ಲ. ಶಕುಂತಲೆ ಮಗನೊಡನೆ ಸಭೆಗೆ ಬಂದಾಗ ಗೊತ್ತಿದ್ದೂ ಗೊತ್ತಿಲ್ಲ ಎನ್ನುತ್ತಾನೆ. ಅಶರೀರವಾಣಿ ಆದಮೇಲೆ, ಜನ ಸಂಶಯಪಡಬಾರದೆಂದು ಹಾಗಂದೆ ಎಂದು ಸಮಜಾಯಿಷಿ ಕೊಡುತ್ತಾನೆ. ಅಂಥವನನ್ನು ಪ್ರೇಮಿಯನ್ನಾಗಿಸಲು ಕಾಳಿದಾಸನಿಗೆ ದೂರ್ವಾಸರ ಶಾಪವೂ ಬೇಕಾಯಿತು, ಉಂಗುರ ನುಂಗಿದ ಮೀನೂ ಬೇಕಾಯಿತು. ಡಿಸ್ನಿಯವರು ಅಷ್ಟು ಶ್ರಮವನ್ನೂ ಪಡಲಿಲ್ಲ. 2015ರ ಹೊಸ ‘ಸಿಂಡ್ರೆಲಾ’ದಲ್ಲಿ ಇಬ್ಬರೂ ಮೊದಲೇ ಕಾಡಿನಲ್ಲಿ ಭೇಟಿಯಾಗುತ್ತಾರೆ, ರಾಜಕುಮಾರ ವೇಷ ಮರೆಸಿಕೊಂಡು ಹುಡುಕುವವರ ಜೊತೆ ಬರುತ್ತಾನೆ. ತೇಪೆ ಅಚ್ಚುಕಟ್ಟಾಗಿದೆ. ಮುಖ ಬಲ್ಲವನಿಗೆ ಪಾದರಕ್ಷೆ ಯಾಕೆ ಎಂದು ಮಗಳು ಮತ್ತೆ ಕೇಳಿದರೆ ನನ್ನನ್ನು ದೂರಬೇಡಿ.

ಪ್ರಶ್ನೆ: ‘ಲಿಟಲ್ ಮರ್ಮೇಡ್’ನ ಏರಿಯಲ್ ದನಿ ಮಾರಿಕೊಳ್ಳುವಾಗ ಕರಾರುಪತ್ರಕ್ಕೆ ನೀಟಾಗಿ ಸಹಿ ಹಾಕ್ತಾಳೆ. ಹಾಗಿದ್ರೆ ರಾಜಕುಮಾರನಿಗೆ ಒಂದು ಚೀಟಿ ಬರೆಯಬಹುದಿತ್ತಲ್ವಾ ಸರ್?
— ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಬರೆಯಬಹುದಿತ್ತಮ್ಮ. ಮೀನಿನ ಮೂಳೆಯ ಲೇಖನಿ ಹಿಡಿದು ಸಹಿ ಹಾಕಿದವಳು ಅವಳು. ಬರೆದಿದ್ದರೆ 1989ರ ಆ ಚಿತ್ರ ಅರ್ಧಕ್ಕೇ ಮುಗಿಯುತ್ತಿತ್ತು, ಅಷ್ಟೇ.

ಆಂಡರ್ಸನ್ 1837ರಲ್ಲಿ ಬರೆದ ಮೂಲದಲ್ಲಿ ಮತ್ಸ್ಯಕನ್ಯೆಯ ಆಸೆ ಬರೀ ರಾಜಕುಮಾರನಲ್ಲ. ಅವಳ ಕುಲದವರು ಮುನ್ನೂರು ವರ್ಷ ಬದುಕಿ ಸಮುದ್ರದ ನೊರೆಯಾಗುತ್ತಾರೆ; ಮನುಷ್ಯರಿಗಿರುವ ಅಳಿವಿಲ್ಲದ ಆತ್ಮ ಇವಳಿಗೆ ಬೇಕು, ಅದಕ್ಕೆ ಮನುಷ್ಯನೊಬ್ಬನ ಪ್ರೀತಿ ದಾರಿ. ರಾಜಕುಮಾರನೋ, ಅವಳನ್ನು ತನ್ನ ಕೋಣೆಯ ಬಾಗಿಲಾಚೆ ಮಖಮಲ್ ದಿಂಬಿನ ಮೇಲೆ ಮಲಗಿಸಿಕೊಂಡು, ಮುದ್ದಿನ ಮಗುವಿನಂತೆ ಕಂಡು, ಬೇರೆಯವಳನ್ನು ಮದುವೆಯಾಗುತ್ತಾನೆ. ನನಗೆ ಇದು ನಂಬುವಂತಿದೆ. ಆತ್ಮದ ಮಾತು ತೆಗೆದು ‘ಮೂರು ದಿನದೊಳಗೆ ಒಂದು ಮುತ್ತು’ ಎಂಬ ಗಡುವು ಇಟ್ಟಾಗ ಅದೇ ಕಥೆ ಪೊಳ್ಳಾಯಿತು.

ಪ್ರಶ್ನೆ: ನಲವತ್ತು ವರ್ಷ ಮಕ್ಕಳಿಗೆ ಸ್ನೋವೈಟ್ ಕಥೆ ಹೇಳಿದವನು ನಾನು. ಪ್ರಜ್ಞೆಯಿಲ್ಲದ ಹುಡುಗಿಗೆ ಮುತ್ತಿಡುವುದು ಅಪರಾಧ ತಾತ ಎಂದು ಮೊಮ್ಮಗಳು ಜಗಳಕ್ಕೆ ನಿಂತಿದ್ದಾಳೆ.
— ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ಮೊಮ್ಮಗಳ ಪಕ್ಷವೇ ನನ್ನದೂ ಮೇಷ್ಟ್ರೇ. ನಿಮಗೊಂದು ದಾರಿಯಿದೆ: ಗ್ರಿಮ್ ಸೋದರರಲ್ಲಿ ಆ ಮುತ್ತೇ ಇಲ್ಲ. ಗಾಜಿನ ಶವಪೆಟ್ಟಿಗೆ ಹೊತ್ತ ಆಳುಗಳು ಎಡವುತ್ತಾರೆ, ಗಂಟಲಲ್ಲಿ ಸಿಕ್ಕಿದ್ದ ವಿಷದ ಸೇಬಿನ ಚೂರು ಹೊರಬೀಳುತ್ತದೆ, ಹುಡುಗಿ ಎದ್ದು ಕೂರುತ್ತಾಳೆ. ಮುತ್ತು 1937ರ ಡಿಸ್ನಿ ಚಿತ್ರದ್ದು. ಆದರೂ ಸತ್ತಳೆಂದುಕೊಂಡವಳನ್ನು ಪೆಟ್ಟಿಗೆಸಮೇತ ಬೇಡಿ ಹೊತ್ತೊಯ್ಯುವ ರಾಜಕುಮಾರನ ಬಗ್ಗೆ ಮೊಮ್ಮಗಳು ಏನನ್ನುತ್ತಾಳೋ! ನಿದ್ರಾಸುಂದರಿಗೆ ಗ್ರಿಮ್‌ನಲ್ಲಿ ಮುತ್ತುಂಟು, ಆದರೆ ಶಾಪದ ನೂರು ವರ್ಷ ಅಷ್ಟರಲ್ಲಿ ಮುಗಿದಿರುತ್ತದೆ, ಮುಳ್ಳುಬೇಲಿ ತಾನಾಗಿ ದಾರಿ ಬಿಡುತ್ತದೆ. ರಾಜಕುಮಾರನ ಸಾಧನೆಯೆಂದರೆ ಸರಿಯಾದ ದಿನ ಬಂದದ್ದು.

ಪ್ರಶ್ನೆ: 1991ರ ‘ಬ್ಯೂಟಿ ಅಂಡ್ ದಿ ಬೀಸ್ಟ್’ನಲ್ಲಿ ಗಡುವು 21ನೇ ವರ್ಷ. ಹತ್ತು ವರ್ಷದಿಂದ ತುಕ್ಕು ಹಿಡಿದಿದ್ದೇವೆ ಎಂದು ಸೇವಕರು ಹಾಡುತ್ತಾರೆ. ಶಾಪ ಕೊಟ್ಟದ್ದು 11ರ ಹುಡುಗನಿಗೇ?
— ಲೆಕ್ಕಪರಿಶೋಧಕ, ಹುಬ್ಬಳ್ಳಿ

ಉತ್ತರ: ನಿಮ್ಮ ಲೆಕ್ಕ ಸರಿ. 2017ರಲ್ಲಿ ಮತ್ತೆ ತೆಗೆದಾಗ ಹಾಡಿನಿಂದ ಆ ಹತ್ತು ವರ್ಷ ಮಾಯವಾಯಿತು.

ಪ್ರಶ್ನೆ: ನಮ್ಮ ಅಜ್ಜಿ ಕಥೆಗಳಲ್ಲಿ ಇಂಥ ತಲೆಬುಡವಿಲ್ಲದ ಪ್ರೇಮ ಇಲ್ಲ ಅಲ್ಲವೇ?
— ಗೃಹಿಣಿ, ಮೈಸೂರು

ಉತ್ತರ: ಧಾರಾಳವಾಗಿದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ‘ಹಂಚಿ’ ಕಥೆಯ ಹುಡುಗಿ ಮಣ್ಣಿನ ಮುಖವಾಡ ತೊಟ್ಟು ಸಾಹುಕಾರರ ಮನೆಯಲ್ಲಿ ಕೆಲಸಕ್ಕಿರುತ್ತಾಳೆ. ಸ್ನಾನಕ್ಕೆಂದು ಅದನ್ನು ತೆಗೆದಾಗ ಮನೆಯ ಮಗ ಅವಳ ಚಿನ್ನದ ಕೂದಲು ನೋಡಿಬಿಡುತ್ತಾನೆ. ಪ್ರೇಮ ಅಷ್ಟೇ. ಆದರೆ ಕಥೆ ಮದುವೆಗೆ ನಿಲ್ಲುವುದಿಲ್ಲ. ನಿಜವಾದ ಕಷ್ಟ ಶುರುವಾಗುವುದೇ ಆಮೇಲೆ, ಗುರುವೊಬ್ಬ ಅವಳ ಮೇಲೆ ಅಪವಾದ ಹೊರಿಸಿದಾಗ. ಹೂಮರವಾಗುವ ಹುಡುಗಿಯ ಕಥೆಯೂ ಅವರ ಸಂಗ್ರಹದಲ್ಲೇ ಇದೆ, ಓದಿ ನೋಡಿ. ಅಲ್ಲಿ ಗಂಡನಿಗೆ ಹೆಂಡತಿಯ ಗುರುತು ಹತ್ತುವುದು ಅವನು ಗೋಸಾಯಿಯಾಗಿ ಊರೂರು ಅಲೆದ ಮೇಲೆ.