ಮನೆ ಅಡುಗೆ ಮಾರಲು ನೋಂದಣಿ ಸಾಕು, ಏಜೆಂಟರು ಬೇಕಿಲ್ಲ

ನಾಗಪುರದ ಸೀತಾಬರ್ಡಿ ಪೇಟೆಯ ಅಂಗಡಿಯೊಂದಕ್ಕೆ ಮನೆಯಲ್ಲಿ ಮಾಡಿದ ಚಕ್ಕುಲಿ, ಶೇಂಗಾ ಚಟ್ನಿಪುಡಿ ಹಾಕಬೇಕು ಅಂದುಕೊಂಡಿದ್ದೀರಿ. ಅಂಗಡಿಯವರು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಕೇಳಿದರೆ ಬೇಸರ ಬೇಡ. ನೋಂದಣಿಯೋ ಪರವಾನಗಿಯೋ ಇದ್ದವರಿಂದಲೇ ಸರಕು ಕೊಳ್ಳಬೇಕೆಂಬುದು ಅವರ ಪರವಾನಗಿಯ ಷರತ್ತು.

ಅಂಗಡಿಯ ಗೊಡವೆಯಿಲ್ಲದೆ ವಾಟ್ಸ್‌ಆಪ್‌ ಗುಂಪಿನಲ್ಲಿ ಆರ್ಡರ್ ಹಿಡಿದು ಮಾರಿದರೂ ಕಾನೂನು ಅದೇ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಲಾಭವಿರಲಿ ಇಲ್ಲದಿರಲಿ, ಅದು ಆಹಾರ ವ್ಯವಹಾರವೇ. ಆದರೆ ಅದೇ ಕಾಯ್ದೆಯ 31(2)ನೇ ಕಲಮು ಸಣ್ಣ ತಯಾರಕರಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟು, ನೋಂದಣಿ ಮಾಡಿಸಿದರೆ ಸಾಕು ಎನ್ನುತ್ತದೆ. 2011ರ ನಿಯಮಾವಳಿ ಈ ಸಣ್ಣವರ ಮಿತಿಯನ್ನು ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು ಎಂದೂ ಶುಲ್ಕವನ್ನು ವರ್ಷಕ್ಕೆ 100 ರೂಪಾಯಿ ಎಂದೂ ಗೊತ್ತುಮಾಡಿತು. ಇಂಥ ಅಂಕಿಗಳು ಪರಿಷ್ಕರಣೆಯಾಗುವಂಥವು. ಅರ್ಜಿ ಹಾಕುವ ದಿನ ಪ್ರಾಧಿಕಾರದ ನೋಂದಣಿ ತಾಣವಾದ ಫಾಸ್ಕಾಸ್ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ.

ನೂರು ರೂಪಾಯಿಯ ಕೆಲಸಕ್ಕೆ ಏಜೆಂಟರಿಗೆ ಸಾವಿರಗಟ್ಟಲೆ ಸುರಿಯುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಬೇಕಿರುವುದು ಫಾರ್ಮ್ ಎ, ಒಂದು ಫೋಟೊ, ಗುರುತಿನ ಚೀಟಿ, ಅಡುಗೆ ನಡೆಯುವ ಮನೆಯ ವಿಳಾಸದ ದಾಖಲೆ. ಇಷ್ಟನ್ನು ಮನೆಯ ಮಕ್ಕಳೇ ಮೊಬೈಲ್‌ನಲ್ಲಿ ತುಂಬಬಲ್ಲರು.

ಅರ್ಜಿಯನ್ನು ಸುಮ್ಮನೆ ಮೂಲೆಗೆ ತಳ್ಳಿಡಲೂ ಆಗುವುದಿಲ್ಲ. 2011ರ ನಿಯಮಾವಳಿಯಂತೆ ಅಧಿಕಾರಿ 7 ದಿನಗಳೊಳಗೆ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೇ ಪರಿಶೀಲನೆಗೆ ನೋಟಿಸ್ ಕೊಡಬೇಕು. ಏಳು ದಿನದೊಳಗೆ ಯಾವುದೂ ಆಗದಿದ್ದರೆ, ಅಥವಾ 30 ದಿನ ಕಳೆದರೂ ತೀರ್ಮಾನ ತಿಳಿಸದಿದ್ದರೆ, ನೀವು ವ್ಯಾಪಾರ ಶುರುಮಾಡಬಹುದು. ನಿಮ್ಮ ಮಾತು ಕೇಳದೆ ಅರ್ಜಿ ತಿರಸ್ಕರಿಸುವಂತಿಲ್ಲ. ಅರ್ಜಿ ಸಂಖ್ಯೆ ಮತ್ತು ಹಣ ಕಟ್ಟಿದ ರಸೀದಿಯನ್ನು ಜೋಪಾನವಾಗಿಡಿ.

ನಂಬರ್ ಬಂದ ಮೇಲೆ ಹೊಣೆಯೂ ಬರುತ್ತದೆ. ಪೊಟ್ಟಣದ ಮೇಲೆ ಆ 14 ಅಂಕಿಗಳ ಸಂಖ್ಯೆ, ತೂಕ, ಬೆಲೆ, ತಯಾರಿಸಿದ ದಿನ, ಎಂದಿನವರೆಗೆ ಬಳಸಬಹುದು, ನಿಮ್ಮ ಹೆಸರು-ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಬೇಕು. ಹಾಕಿದ ಸಾಮಗ್ರಿಗಳಲ್ಲಿ ಹೆಚ್ಚು ಇರುವುದು ಮೊದಲು ಬರಬೇಕು. ಚಟ್ನಿಪುಡಿಯಲ್ಲಿ ಶೇಂಗಾ ಇದೆಯೆಂದು ಕಾಣುವಂತೆ ಬರೆಯಿರಿ. ಶೇಂಗಾ ಒಗ್ಗದ ಮಗುವಿನ ಜೀವದ ಪ್ರಶ್ನೆ ಅದು. ಕರಿದ ಚಕ್ಕುಲಿಯನ್ನು ಪೇಪರಿನ ಮೇಲೆ ಹರಡಿ ಎಣ್ಣೆ ಹೀರಿಸುವ ರೂಢಿ ಬಿಡಿ. ಹಳೆ ಪತ್ರಿಕೆಯಲ್ಲಿ ತಿಂಡಿ ಇಡುವುದು, ಕಟ್ಟುವುದು ನಿಷಿದ್ಧ, ಅಚ್ಚಿನ ಶಾಯಿ ತಿಂಡಿಗಿಳಿಯುತ್ತದೆ. ಕೊಳಕು ಜಾಗದಲ್ಲಿ ತಯಾರಿಸಿದರೆ 56ನೇ ಕಲಮಿನಡಿ 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಆಹಾರ ಸುರಕ್ಷತಾ ಅಧಿಕಾರಿ ಮಾದರಿ ಒಯ್ಯಲು ಬಂದರೆ ಬಾಗಿಲು ಹಾಕಬೇಡಿ, ಹೆದರಲೂ ಬೇಡಿ. ಮಹಾರಾಷ್ಟ್ರದಲ್ಲಾದರೂ ಕರ್ನಾಟಕದಲ್ಲಾದರೂ ಕಾಯ್ದೆ ಒಂದೇ. ಲಿಖಿತ ನೋಟಿಸ್ ಕೇಳಿ. ಒಯ್ದ ಪದಾರ್ಥಕ್ಕೆ ಮಾರುವ ಬೆಲೆಯನ್ನು ಅವರು ಕೊಡಬೇಕು. ಮಾದರಿಯನ್ನು ನಾಲ್ಕು ಭಾಗ ಮಾಡುತ್ತಾರೆ; ಒಂದನ್ನು ನಿಮ್ಮ ಖರ್ಚಿನಲ್ಲಿ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ಅಲ್ಲೇ ಕೇಳಬಹುದು. ವರದಿ ವಿರುದ್ಧ ಬಂದರೆ ಅದು ಕೈಸೇರಿದ 30 ದಿನಗಳೊಳಗೆ ನಿಯೋಜಿತ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಿ.