ಒಳ್ಳೆಯ ಥ್ರೆಡ್ ಇರುವ ಕಡೆಯಿಂದ ಹೊರಡು

ತಮ್ಮಾ, ಪ್ಲಗ್ ಅಡ್ಡ ಕೂತು ಹೆಡ್‌ನ ಥ್ರೆಡ್ ಕೆಟ್ಟ ಹಳೆಯ ಯೆಜ್ಡಿ ಬೈಕ್ ನಿನ್ನ ಗ್ಯಾರೇಜಿಗೆ ಬಂದರೆ ಕೂಡಲೇ ಟ್ಯಾಪಿಗೆ ಕೈ ಹಾಕಬೇಡ. ಟ್ಯಾಪ್ ಇರುವುದೇ ಲೋಹ ಕತ್ತರಿಸುವುದಕ್ಕೆ. ಅಡ್ಡ ಕೂತ ಪ್ಲಗ್ ಸಾಮಾನ್ಯವಾಗಿ ಮೇಲಿನ ಒಂದೆರಡು ಸುತ್ತು ಕೆಡಿಸಿರುತ್ತದೆ, ಅಷ್ಟೆ. ಟ್ಯಾಪು ಅದೇ ತಪ್ಪು ಜಾಡು ಹಿಡಿದು ಇಳಿದರೆ ಉಳಿದದ್ದನ್ನೂ ತುರಿದು ಹಾಕುತ್ತದೆ. ಈ ಗಾಡಿ ತಯಾರಾಗುತ್ತಿದ್ದ ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಹಳೆಯ ಹೆಡ್ಡು ಹಾಳಾದರೆ ಇನ್ನೊಂದಕ್ಕೆ ಗುಜರಿ ಅಂಗಡಿ ಸುತ್ತಬೇಕಾದೀತು.

ಬೇಕಾದ ಟೂಲು ನೀನು ಬಿಸಾಡಿದ ಪ್ಲಗ್ಗುಗಳಲ್ಲೇ ಇದೆ. ಥ್ರೆಡ್ ಚೆನ್ನಾಗಿರುವ 14 ಮಿ.ಮೀ. ಪ್ಲಗ್ ಆರಿಸಿಕೋ, ಪಿಚ್ 1.25. ತುದಿಯ ಬಾಗಿದ ಕಡ್ಡಿಯನ್ನು ಮುರಿದು, ಆ ಜಾಗ ನಯ ಮಾಡು. ತಲೆಯನ್ನು ವೈಸಿಗೆ ಸಿಕ್ಕಿಸಿ, ಮೂರು ಮೂಲೆಯ ಅರದಿಂದ ಉದ್ದಕ್ಕೆ ಮೂರೋ ನಾಲ್ಕೋ ಗ್ರೂವ್ ತೆಗೆ. ಗ್ರೂವ್ ಥ್ರೆಡ್ಡಿನ ಬುಡ ಮುಟ್ಟಬೇಕು. ಅರ ಎಬ್ಬಿಸಿದ ಸಿಬಿರನ್ನು ಸಣ್ಣ ಅರದಿಂದ ತೆಗೆಯದಿದ್ದರೆ ಅದೇ ಅಲ್ಯೂಮಿನಿಯಮ್ಮನ್ನು ಗೀರುತ್ತದೆ.

ಇನ್ನು ಮುಖ್ಯವಾದ ಮಾತು. ಟೂ-ಸ್ಟ್ರೋಕ್ ಗಾಡಿ, ವಾಲ್ವ್ ತಾಪತ್ರಯವಿಲ್ಲ. ಹೆಡ್ ಬಿಚ್ಚಿಯೇ ಬಿಡು. ಒಳಗಿನ ಮಸಿ ತಿಕ್ಕಿ ತೆಗೆದು, ಗ್ರೂವ್‌ಗಳಿಗೆ ಗ್ರೀಸ್ ತುಂಬಿ, ಆ ಪ್ಲಗ್ಗನ್ನು ಒಳಬದಿಯಿಂದ ಕೂರಿಸು. ಮೊದಲು ಹಿಂದಕ್ಕೆ ತಿರುಗಿಸು. ಥ್ರೆಡ್ ಕೂತಾಗ ಟಕ್ ಎನ್ನುವುದು ಬೆರಳಿಗೆ ತಿಳಿಯುತ್ತದೆ. ಆಮೇಲೆ ಕೈಯಲ್ಲೇ ಮುಂದಕ್ಕೆ. ಒಳಗಿನ ಒಳ್ಳೆಯ ಸುತ್ತುಗಳು ದಾರಿ ತೋರಿಸುತ್ತವೆ, ಮೇಲಿನ ಕೆಟ್ಟ ಸುತ್ತು ತನ್ನ ಜಾಗಕ್ಕೆ ಬರುತ್ತದೆ. ಬಿಗಿಯಾದರೆ ಹಿಂದೆ ತೆಗೆದು, ಒರೆಸಿ, ಮತ್ತೆ ಹಾಕು. ಪಾನಾದಲ್ಲಿ ಜಗ್ಗಬೇಡ.

ಸುತ್ತಿಗೆ ಏಟು ತಿಂದ ಆಕ್ಸಲ್ಲಿಗೂ ಇದೇ ಲೆಕ್ಕ. ಅದೇ ಅಳತೆಯ ಗಟ್ಟಿ ನಟ್ಟನ್ನು ಹ್ಯಾಕ್ಸಾದಲ್ಲಿ ಎರಡು ಹೋಳು ಮಾಡಿ, ಒಳಗಿನ ಒಳ್ಳೆಯ ಥ್ರೆಡ್ ಮೇಲೆ ಜೋಡಿಸಿ, ವೈಸ್ ಗ್ರಿಪ್ಪಿನಲ್ಲಿ ಹಿಡಿದು ಹೊರಕ್ಕೆ ಬಿಚ್ಚುತ್ತಾ ಬಾ. ಹಳೆಯ ಬುಲೆಟ್ ಆದರೆ ಮಾತ್ರ ಪಿಚ್ ಗೇಜ್ ಇಡದೆ ಯಾವ ನಟ್ಟನ್ನೂ ಹಾಕಬೇಡ. ಅದರಲ್ಲಿ ಇಂಗ್ಲಿಷ್ ಅಳತೆಯ ಥ್ರೆಡ್ ಇರುತ್ತದೆ.

ಮಾಡಿದ ಟೂಲಿನ ಮೇಲೆ ಸೈಜು, ಪಿಚ್ ಕೊರೆದು, ಎಣ್ಣೆ ಸವರಿ ಎತ್ತಿಡು. ಹೊಸ ಪ್ಲಗ್ಗನ್ನು ಕೈಯಲ್ಲೇ ಪೂರ್ತಿ ಕೂರಿಸಿ, ವಾಷರ್ ಅಮುಕುವಷ್ಟು, ಅಂದರೆ ಅರ್ಧದಿಂದ ಮುಕ್ಕಾಲು ಸುತ್ತಿನೊಳಗೆ ಪಾನಾ ಹಾಕಿದರೆ ಸಾಕು.

ಲೋಹವೇ ಕಿತ್ತುಬಂದಿದ್ದರೆ ಈ ಉಪಾಯ ಯಾವುದೂ ನಡೆಯದು. ಆಗ ಹೊಸ ಥ್ರೆಡ್ ಕೊಡುವ ತಂತಿಸುರುಳಿ, ಅಂದರೆ ಹೆಲಿಕಾಯಿಲ್, ಹಾಕಿಸಲೇಬೇಕು. ಕಿತ್ತುಬಂದ ಜಾಗವನ್ನು ಕೆಲಸ ಶುರು ಮಾಡುವ ಮೊದಲೇ ಗಾಡಿಯವರಿಗೆ ತೋರಿಸಿ ಹೇಳು.